ಟ್ಯೂಬಾ ಒಂದೂರು, ಅಕಾರ್ಡಿಯನ್ ಇನ್ನೊಂದೂರು: ಅಮೆರಿಕದ ಸ್ಪ್ಯಾನಿಷ್ ರೇಡಿಯೋ ಕೇಳುವುದು ಹೇಗೆ

ಕ್ಯಾಲಿಫೋರ್ನಿಯಾದಲ್ಲಿ ನನ್ನ ಗೆಳೆಯನೊಬ್ಬ ಸಣ್ಣ ಹೋಟೆಲ್ ನಡೆಸುತ್ತಾನೆ. ದೋಸೆ, ಇಡ್ಲಿ, ವಡೆ, ಶನಿವಾರ ಭಾನುವಾರ ಬಿಸಿಬೇಳೆ ಬಾತ್. ಅಡುಗೆಮನೆಯಲ್ಲಿ ಕಾವಲಿ ಮುಂದೆ ನಿಂತು ದೋಸೆ ಹುಯ್ಯುವವರು ಮೆಕ್ಸಿಕೋ ದೇಶದ ಮಿಚೋಆಕಾನ್ ರಾಜ್ಯದವರು. ಸೌಟನ್ನು ನಡುವಿನಿಂದ ಅಂಚಿನವರೆಗೆ ಸುತ್ತಿಸುವ ಅವರ ಕೈ ನೋಡಿದರೆ ದಾವಣಗೆರೆಯಲ್ಲಿ ಕಲಿತವರು ಅನ್ನಿಸುತ್ತದೆ. ಅವರ ತಲೆಯ ಮೇಲಿನ ಕಪಾಟಿನಲ್ಲಿ, ಜೀರಿಗೆ ಡಬ್ಬಕ್ಕೂ ಸಾಸಿವೆ ಡಬ್ಬಕ್ಕೂ ನಡುವೆ, ಎಣ್ಣೆ ಜಿಡ್ಡು ಹಿಡಿದ ಒಂದು ರೇಡಿಯೋ. ಬೆಳಿಗ್ಗೆ ಬಾಗಿಲು ತೆಗೆಯುವುದಕ್ಕೂ ಮೊದಲೇ ಅದು ಹಾಡಲು ಶುರು ಮಾಡಿರುತ್ತದೆ.

ಒಂದು ದಿನ ಕಾಫಿ ಕುಡಿಯುತ್ತಾ ಕೇಳಿದೆ: ಈ ಸ್ಪ್ಯಾನಿಷ್ ಹಾಡುಗಳೆಲ್ಲಾ ಹೆಚ್ಚು ಕಡಿಮೆ ಒಂದೇ ಥರ ಅಲ್ವಾ? ಅವರು ಸೌಟು ಕೆಳಗಿಟ್ಟರು. ರೇಡಿಯೋ ಗುಂಡಿ ತಿರುಗಿಸಿದರು. ಒಂದು ಸ್ಟೇಷನ್, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಇದು ಗಡಿ ಕಡೆಯವರದು. ಇದು ಸಿನಲೋವಾದವರದು, ನಮ್ಮೂರ ಮದುವೆಗೂ ಇದೇ ಬೇಕು. ಇದು ನಮ್ಮದಲ್ಲವೇ ಅಲ್ಲ, ಕೆರಿಬಿಯನ್ ದ್ವೀಪದವರದು. ಅಷ್ಟು ಹೇಳಿ ಮತ್ತೆ ಕಾವಲಿಗೆ ನೀರು ಚಿಮುಕಿಸಿದರು. ಎರಡು ನಿಮಿಷದ ಆ ಪಾಠ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಅವತ್ತಿನಿಂದ ಕಾರಿನಲ್ಲಿ ಆ ಸ್ಟೇಷನ್‌ಗಳನ್ನೇ ಕೇಳುತ್ತಾ, ಓದುತ್ತಾ, ತಿಳಿದವರನ್ನು ಕೇಳುತ್ತಾ ಬಂದಿದ್ದೇನೆ. ಅಮೆರಿಕದಲ್ಲಿರುವ ನಮ್ಮವರು ಈ ಹಾಡುಗಳನ್ನು ದಿನಾ ಕೇಳುತ್ತಾರೆ. ಹುಲ್ಲು ಕತ್ತರಿಸುವವರ ಟ್ರಕ್ಕಿನಿಂದ, ಚಾವಣಿ ರಿಪೇರಿ ಮಾಡುವವರ ಏಣಿಯ ಬುಡದಿಂದ, ಪಕ್ಕದ ಮನೆಯ ಹಿತ್ತಲಿನಿಂದ. ಅದರೊಳಗೆ ಏನಿದೆ ಅನ್ನುವುದನ್ನು ತಿಳಿಸಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಸ್ಪ್ಯಾನಿಷ್ ಅನ್ನುವುದು ಭಾಷೆಯ ಹೆಸರು, ಸಂಗೀತದ ಹೆಸರಲ್ಲ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ 6.2 ಕೋಟಿ ಹಿಸ್ಪಾನಿಕ್ ಜನ, ಅಂದರೆ ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು, ಇದ್ದಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಸಿಕೋ ಮೂಲದವರು. ಉಳಿದವರು ಪೋರ್ಟೊ ರಿಕೊ, ಕ್ಯೂಬಾ, ಡೊಮಿನಿಕನ್ ಗಣರಾಜ್ಯ, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಕೊಲಂಬಿಯಾ, ಹೀಗೆ ಹತ್ತಾರು ಕಡೆಯವರು. ಭಾಷೆ ಒಂದೇ ಆದರೂ ಊಟ ಬೇರೆ, ಹಬ್ಬ ಬೇರೆ, ಕುಣಿತ ಬೇರೆ. ಲಾಸ್ ಏಂಜಲೀಸ್, ಹ್ಯೂಸ್ಟನ್, ಶಿಕಾಗೊ ಕಡೆ ಮೆಕ್ಸಿಕೋದವರು ಜಾಸ್ತಿ. ನ್ಯೂಯಾರ್ಕಿನಲ್ಲಿ ಪೋರ್ಟೊ ರಿಕೊ ಮತ್ತು ಡೊಮಿನಿಕನ್ ಜನ. ಮಿಯಾಮಿಯಲ್ಲಿ ಕ್ಯೂಬಾದವರು. ಹಾಗಾಗಿ ಒಂದು ಊರಿನ ಸ್ಪ್ಯಾನಿಷ್ ಸ್ಟೇಷನ್‌ಗಳನ್ನು ಒಂದು ಗಂಟೆ ಕೇಳಿದರೆ ಆ ಊರಿಗೆ ಯಾರು ಯಾವ ದಿಕ್ಕಿನಿಂದ ಬಂದರು ಅನ್ನುವುದು ಗೊತ್ತಾಗಿಬಿಡುತ್ತದೆ. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಶುರುವಾದದ್ದು ಹೇಗೆ ಅನ್ನುವುದಕ್ಕೆ ನಸುಕಿನ ನಾಲ್ಕು ಗಂಟೆಗೆ ಹೋಗಬೇಕು.

1920ರ ದಶಕದ ಕೊನೆ, ಲಾಸ್ ಏಂಜಲೀಸ್. ಅಲ್ಲಿನ ರೇಡಿಯೋ ಸ್ಟೇಷನ್‌ಗಳೆಲ್ಲಾ ಇಂಗ್ಲಿಷಿನವು, ಇಂಗ್ಲಿಷಿನವರವು. ಆದರೆ ಬೆಳಗಿನ ಜಾವ ಯಾರೂ ಕೇಳುವುದಿಲ್ಲ, ಆ ಹೊತ್ತಿಗೆ ಜಾಹೀರಾತೂ ಸಿಗುವುದಿಲ್ಲ. ಹಾಗಾಗಿ ಮಾಲೀಕರು ಆ ಗಂಟೆಗಳನ್ನು ಅಗ್ಗಕ್ಕೆ ಬಾಡಿಗೆಗೆ ಬಿಡುತ್ತಿದ್ದರು. ಹೀಗೆ ಸಮಯ ಕೊಂಡವರಲ್ಲಿ ಪೆದ್ರೊ ಗೊನ್ಸಾಲೆಸ್ ಒಬ್ಬರು. ಮೆಕ್ಸಿಕೋ ಕ್ರಾಂತಿಯ ಕಾಲದಲ್ಲಿ ಅದರ ನಾಯಕರಲ್ಲೊಬ್ಬನಾದ ಪಾಂಚೊ ವಿಯ್ಯಾನ ಪಡೆಯಲ್ಲಿ ಟೆಲಿಗ್ರಾಫ್ ಕೆಲಸ ಮಾಡಿದವರು, ಆಮೇಲೆ ಗಡಿ ದಾಟಿ ಬಂದವರು. ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಅವರ ಕಾರ್ಯಕ್ರಮ. ಅವರ ಹಾಡುಗಾರರ ತಂಡದ ಹೆಸರು ‘ಲೋಸ್ ಮದ್ರುಗದೋರೆಸ್’. ಅಂದರೆ ನಸುಕಿಗೇ ಏಳುವವರು.

ಮಾಲೀಕರಿಗೆ ಬೇಡವಾಗಿದ್ದ ಆ ಹೊತ್ತು ತೋಟದ ಕೂಲಿಗಳಿಗೆ, ರೈಲು ಹಳಿ ಕೆಲಸದವರಿಗೆ, ಇಟ್ಟಿಗೆ ಗೂಡಿನವರಿಗೆ ದಿನ ಶುರುವಾಗುವ ಹೊತ್ತು. ದೀಪ ಹಚ್ಚಿ, ಕಾಫಿ ಕಾಯಿಸಿ, ಬುತ್ತಿ ಕಟ್ಟುವಾಗ ಮನೆಯಲ್ಲಿ ತಮ್ಮ ಭಾಷೆ ಕೇಳಿಸುತ್ತಿತ್ತು. ಹಾಡಿನ ನಡುವೆ ಯಾವ ತೋಟದಲ್ಲಿ ಕೆಲಸ ಇದೆ ಅನ್ನುವ ಸುದ್ದಿಯೂ ಬರುತ್ತಿತ್ತು. 1930ರ ದಶಕದಲ್ಲಿ ಆರ್ಥಿಕ ಕುಸಿತ ಬಂದು, ಮೆಕ್ಸಿಕೋ ಮೂಲದವರನ್ನು ಸಾವಿರಾರು ಲೆಕ್ಕದಲ್ಲಿ ರೈಲು ಹತ್ತಿಸಿ ವಾಪಸ್ ಕಳಿಸಲು ಶುರು ಮಾಡಿದಾಗ ಗೊನ್ಸಾಲೆಸ್ ಅದರ ವಿರುದ್ಧ ಮೈಕಿನಲ್ಲೇ ಮಾತಾಡಿದರು. 1934ರಲ್ಲಿ ಅವರ ಮೇಲೆ ಅತ್ಯಾಚಾರದ ಕೇಸು ಬಿತ್ತು, ಶಿಕ್ಷೆಯೂ ಆಯಿತು. ದೂರು ಕೊಟ್ಟ ಹುಡುಗಿ ಆಮೇಲೆ ತನ್ನ ಹೇಳಿಕೆ ವಾಪಸ್ ತಗೊಂಡರೂ ಅವರು ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಆರು ವರ್ಷ ಕಳೆದರು. 1940ರಲ್ಲಿ ಬಿಟ್ಟರು, ಬಿಟ್ಟ ಕೂಡಲೇ ಗಡಿಪಾರು ಮಾಡಿದರು. ಅವರು ಗಡಿಯಾಚೆಯ ತಿಹ್ವಾನಾ ಊರಿಗೆ ಹೋಗಿ ಮತ್ತೆ ರೇಡಿಯೋ ಶುರು ಮಾಡಿದರು. ಗಾಳಿಯಲ್ಲಿ ಹೋಗುವ ದನಿಗೆ ಗಡಿ ಇಲ್ಲವಲ್ಲ.

ಇವತ್ತಿಗೂ ಸ್ಪ್ಯಾನಿಷ್ ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮವೇ ರಾಜ. ಬೇರೆಲ್ಲರೂ ಮಲಗಿರುವಾಗ ಕೆಲಸಕ್ಕೆ ಹೊರಡುವವರಿಗಾಗಿ ಹುಟ್ಟಿದ ರೇಡಿಯೋ ಇದು.

ಬಾಡಿಗೆ ಗಂಟೆಗಳಿಂದ ಸ್ವಂತ ಸ್ಟೇಷನ್‌ಗೆ ಬರಲು 1946 ಆಯಿತು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ರಾವುಲ್ ಕೋರ್ತೆಸ್ ಕೆಸಿಒಆರ್ ಸ್ಟೇಷನ್ ಶುರು ಮಾಡಿದರು. ಮೆಕ್ಸಿಕನ್ ಅಮೆರಿಕನ್ ಒಬ್ಬರ ಒಡೆತನದಲ್ಲಿ ಇಡೀ ದಿನ ಸ್ಪ್ಯಾನಿಷಿನಲ್ಲೇ ನಡೆದ ಮೊದಲ ಸ್ಟೇಷನ್ ಅದು. ಅಷ್ಟರೊಳಗೆ ಮೆಕ್ಸಿಕೋದ ಒಳಗೆ ರೇಡಿಯೋ ದೊಡ್ಡದಾಗಿ ಬೆಳೆದಿತ್ತು. 1930ರ ಸೆಪ್ಟೆಂಬರ್ 18ರಂದು ಮೆಕ್ಸಿಕೋ ನಗರದಲ್ಲಿ ಶುರುವಾದ ಎಕ್ಸ್‌ಇಡಬ್ಲ್ಯೂ ತನ್ನನ್ನು ಲ್ಯಾಟಿನ್ ಅಮೆರಿಕದ ದನಿ ಅಂತ ಕರೆದುಕೊಳ್ಳುತ್ತಿತ್ತು. ಅದು ಸುಮ್ನೆ ಹೇಳಿಕೊಂಡದ್ದಲ್ಲ. ಮೀಡಿಯಂ ವೇವ್ ಅಲೆಗಳು ರಾತ್ರಿ ಹೊತ್ತು ಆಕಾಶದ ಮೇಲ್ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಬೀಳುತ್ತವೆ. ನಮ್ಮ ಹಳೇ ರೇಡಿಯೋದಲ್ಲೂ ಊರೆಲ್ಲಾ ಮಲಗಿದ ಮೇಲೆ ಎಲ್ಲೆಲ್ಲಿಯದೋ ಸ್ಟೇಷನ್ ಸಿಗುತ್ತಿತ್ತು, ನೆನಪಿದೆಯಾ? ಹಾಗೆಯೇ ಟೆಕ್ಸಸ್‌ನ ಗುಡಿಸಲಿನಲ್ಲಿ ಕೂತವರಿಗೆ ಮೆಕ್ಸಿಕೋ ನಗರದ ಹಾಡುಗಾರರು ಕೇಳಿಸುತ್ತಿದ್ದರು.

ಸ್ಟೇಷನ್ ಹೆಸರುಗಳ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ಮಿಸ್ಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕೆ ಅಕ್ಷರದಿಂದ, ಪೂರ್ವಕ್ಕೆ ಡಬ್ಲ್ಯೂ ಅಕ್ಷರದಿಂದ ಹೆಸರು ಶುರುವಾಗುತ್ತದೆ. ಹಳೇ ಕಾಲದ ಕೆಲವು ಮಾತ್ರ ಇದಕ್ಕೆ ಹೊರತು. ಎಕ್ಸ್ ಬಂದರೆ ಅದು ಮೆಕ್ಸಿಕೋದ್ದು. ಆದರೆ ಕೇಳುಗರು ಇದನ್ನೆಲ್ಲಾ ಹೇಳುವುದೇ ಇಲ್ಲ. ಅವರಿಗೆ ಅದು ಲಾ ಎಕೀಸ್, ಕೆ ಬ್ವೇನಾ, ಮೆಗಾ, ಲಾ ರಾಸಾ.

ಈಗ ಕಿವಿಯ ವಿಷಯಕ್ಕೆ ಬರುತ್ತೇನೆ.

ಅಕಾರ್ಡಿಯನ್ ಕೇಳಿಸಿತು ಅಂದುಕೊಳ್ಳಿ, ಜೊತೆಗೆ ದಪ್ಪ ದನಿಯ ಗಿಟಾರಿನಂಥ ವಾದ್ಯ, ಎರಡೆರಡರ ನಡೆ. ಅದು ನೊರ್ತೇನ್ಯೊ, ಅಂದರೆ ಉತ್ತರದವರ ಸಂಗೀತ. ಮೆಕ್ಸಿಕೋದ ಉತ್ತರ, ಟೆಕ್ಸಸ್‌ನ ದಕ್ಷಿಣ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನ್, ಚೆಕ್, ಪೋಲಿಷ್ ವಲಸಿಗರು ಆ ಕಡೆಗೆ ಬಂದರು. ಅವರ ಜೊತೆ ಪೋಲ್ಕಾ ಕುಣಿತ ಬಂತು, ಗುಂಡಿ ಒತ್ತುವ ಅಕಾರ್ಡಿಯನ್ ಬಂತು. ನಮ್ಮ ಹಾರ್ಮೋನಿಯಂ ಕೂಡ ಅದೇ ಜಾತಿಯದು. ಗಾಳಿ ಹೋಗುವಾಗ ತೆಳ್ಳನೆಯ ಲೋಹದ ನಾಲಗೆ ನಡುಗಿ ಸ್ವರ ಬರುತ್ತದೆ. ನಾಟಕ ಕಂಪನಿಯ ಪೆಟ್ಟಿಗೆ ಕೇಳಿ ಬೆಳೆದವರಿಗೆ ನೊರ್ತೇನ್ಯೊ ಅಷ್ಟು ಬೇಗ ಹತ್ತಿರವಾಗುವುದು ಇದಕ್ಕೇ ಇರಬೇಕು ಅಂತ ನನಗನ್ನಿಸುತ್ತದೆ. ಆ ದಪ್ಪ ಗಿಟಾರಿನ ಹೆಸರು ಬಾಹೊ ಸೆಕ್ಸ್ತೊ, ಹನ್ನೆರಡು ತಂತಿಯದು. 1930ರ ದಶಕದಲ್ಲಿ ನಾರ್ಸಿಸೊ ಮಾರ್ತಿನೆಸ್ ಅನ್ನುವ ಅಕಾರ್ಡಿಯನ್ ವಾದಕರು ಎಡಗೈಯ ಕೆಲಸವನ್ನು ಈ ಬಾಹೊ ಸೆಕ್ಸ್ತೊಗೆ ಬಿಟ್ಟುಕೊಟ್ಟು, ತಾವು ಬಲಗೈಯಲ್ಲಿ ಓಡುವ ಸ್ವರಗಳನ್ನು ಮಾತ್ರ ನುಡಿಸಲು ಶುರು ಮಾಡಿದರು. ಅಲ್ಲಿಂದ ಇವತ್ತಿನವರೆಗೂ ಎರಡು ವಾದ್ಯಗಳ ಆ ಜೋಡಿ ಬಿಟ್ಟುಹೋಗಿಲ್ಲ.

ಇದೇ ಜೋಡಿಯ ಮೇಲೆ ಕೊರ್ರೀದೊ ನಿಂತಿದೆ. ಕೊರ್ರೀದೊ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಒಂದೇ ಮಾತು ಹೇಳುತ್ತೇನೆ: ಲಾವಣಿ. ಯಾವ ವರ್ಷ, ಯಾವ ಊರು, ಯಾರು ಯಾರ ಜೊತೆ ಜಗಳ ಆಡಿದರು, ಕೊನೆಗೆ ಯಾರು ಸತ್ತರು, ಸಾಯುವಾಗ ಏನು ಹೇಳಿದರು. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಕೇಳಿದವರಿಗೆ ಇದರ ನಡಿಗೆ ಕೂಡಲೇ ಗೊತ್ತಾಗುತ್ತದೆ. ಗಡಿಯಲ್ಲಿ ಅಮೆರಿಕದ ಪೊಲೀಸರನ್ನು ಎದುರಿಸಿದವರ ಮೇಲೆ, ಕ್ರಾಂತಿಯ ನಾಯಕರ ಮೇಲೆ, ಓಡುವ ಕುದುರೆಗಳ ಮೇಲೂ ಕೊರ್ರೀದೊಗಳಿವೆ. 1970ರ ದಶಕದಲ್ಲಿ ಲೋಸ್ ತಿಗ್ರೆಸ್ ದೆಲ್ ನೊರ್ತೆ ತಂಡ ಕಳ್ಳಸಾಗಣೆ ಮಾಡುವ ಒಬ್ಬ ಹೆಂಗಸಿನ ಕಥೆ ಹಾಡಿ ಇಡೀ ಗಡಿ ಪ್ರದೇಶಕ್ಕೆ ಹೆಸರಾಯಿತು. ಅಲ್ಲಿಂದ ಮಾದಕ ವಸ್ತು ಸಾಗಿಸುವವರ ಕೊರ್ರೀದೊಗಳೂ ಬೆಳೆದವು. ಕೊಲೆಗಾರರನ್ನು ಹೊಗಳುವ ಹಾಡುಗಳು ಎಷ್ಟು ಚೆನ್ನಾಗಿದ್ದರೂ ನನಗೆ ಕೇಳಲು ಕಷ್ಟವಾಗುತ್ತದೆ. ಮೆಕ್ಸಿಕೋದ ಕೆಲವು ರಾಜ್ಯಗಳು ಅವುಗಳ ಮೇಲೆ ನಿರ್ಬಂಧ ಹಾಕಿವೆ. ಆದರೆ ವಲಸೆ ಬಂದವನ ಕಷ್ಟ, ಕಾಗದಪತ್ರ ಇಲ್ಲದ ಭಯ, ಊರಿಗೆ ವಾಪಸ್ ಹೋಗಲಾಗದ ಸಂಕಟ, ಇವುಗಳ ಕೊರ್ರೀದೊಗಳೂ ಅಷ್ಟೇ ಇವೆ. ಅವನ್ನು ಬಿಟ್ಟು ಬರೀ ಬಂದೂಕಿನ ಹಾಡುಗಳನ್ನೇ ಎತ್ತಿ ತೋರಿಸುವುದು ಅನ್ಯಾಯ.

ಟ್ಯೂಬಾ ಕೇಳಿಸಿದರೆ? ಹೊಟ್ಟೆಯೊಳಗೆ ಗುಮ್ಮೆನ್ನುವ ಆ ದೊಡ್ಡ ಹಿತ್ತಾಳೆ ಕೊಂಬು, ಮೇಲೆ ಕ್ಲಾರಿನೆಟ್, ಟ್ರಂಪೆಟ್, ದೊಡ್ಡ ಡೋಲು. ಅದು ಬಾಂದಾ. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿಗೆ ಹಾಡುಗಾರ ಸೇರಿಕೊಂಡಂತೆ ಅಂದುಕೊಳ್ಳಿ. ಮಿಲಿಟರಿ ಬ್ಯಾಂಡುಗಳಿಂದ ಬಂದ ಈ ವಾದ್ಯಗಳು ಪೆಸಿಫಿಕ್ ಕರಾವಳಿಯ ಸಿನಲೋವಾ ರಾಜ್ಯದಲ್ಲಿ ಊರ ಹಬ್ಬದ ಸಂಗೀತವಾದವು. ಅಲ್ಲಿನ ಬಾಂದಾ ಎಲ್ ರೆಕೋದೊ ತಂಡ ಶುರುವಾದದ್ದು 1938ರಲ್ಲಿ, ಇವತ್ತಿಗೂ ನುಡಿಸುತ್ತಿದೆ. ಟ್ಯೂಬಾ ಇಲ್ಲದೆ ಪಿಟೀಲುಗಳು, ಟ್ರಂಪೆಟ್, ದೊಡ್ಡ ಹೊಟ್ಟೆಯ ಗಿಟಾರ್ ಕೇಳಿಸಿದರೆ ಅದು ಹಲಿಸ್ಕೊ ಕಡೆಯ ಮರಿಯಾಚಿ. ಎದೆ ಬಿರಿಯುವಂತೆ ದನಿ ತೆಗೆದು ಪ್ರೀತಿ, ಮೋಸ, ಕುಡಿತ, ಹುಟ್ಟೂರಿನ ಬಗ್ಗೆ ಹಾಡಿದರೆ ಆ ಹಾಡಿನ ಹೆಸರು ರಾಂಚೇರಾ. ರಾಂಚೇರಾವನ್ನು ಮರಿಯಾಚಿ ಜೊತೆಗೂ ಹಾಡಬಹುದು, ಬಾಂದಾ ಜೊತೆಗೂ ಹಾಡಬಹುದು, ಅಕಾರ್ಡಿಯನ್ ಜೊತೆಗೂ ಹಾಡಬಹುದು. ಒಂದು ತಂಡದ ಹೆಸರು, ಒಂದು ಹಾಡಿನ ಹೆಸರು. ಹೊಸಬರು ಎಡವುವುದು ಇಲ್ಲೇ.

ಇವೆಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ರೇಡಿಯೋ ವ್ಯಾಪಾರದವರು ‘ರೀಜನಲ್ ಮೆಕ್ಸಿಕನ್’ ಅಂತ ಹೆಸರಿಟ್ಟರು. ಹೆಸರು ಅಮೆರಿಕದ ಮಾರುಕಟ್ಟೆಯದು. ಯಕ್ಷಗಾನ, ಡೊಳ್ಳು, ಗೀಗೀ ಪದ, ಭಾವಗೀತೆ ಎಲ್ಲವನ್ನೂ ಸೇರಿಸಿ ‘ಪ್ರಾದೇಶಿಕ ಕನ್ನಡ’ ಅಂದರೆ ಹೇಗಿರುತ್ತದೋ ಹಾಗೆ. ನನಗೆ ಈ ಹೆಸರು ಇಷ್ಟವಿಲ್ಲ. ಆದರೆ ಸ್ಟೇಷನ್ ನಡೆಯುವುದು ಈ ಲೆಕ್ಕದ ಮೇಲೆಯೇ. ಜಾಹೀರಾತು ಕೊಡುವವನು ಕೇಳುವುದು ನಿಮ್ಮ ಕೇಳುಗರು ಯಾರು ಅಂತ. ಅದಕ್ಕೆ ಉತ್ತರವಾಗಿ ಸ್ಟೇಷನ್ ಒಂದು ಫಾರ್ಮ್ಯಾಟ್ ಹಿಡಿಯುತ್ತದೆ, ಅಂದರೆ ಯಾವ ಬಗೆಯ ಹಾಡು, ಯಾವ ವಯಸ್ಸಿನವರಿಗೆ, ಎಷ್ಟು ಮಾತು ಅನ್ನುವ ಕಟ್ಟು.

ಆ ಲೆಕ್ಕವನ್ನು ತಲೆಕೆಳಗು ಮಾಡಿದ ವರ್ಷ 1992. ಲಾಸ್ ಏಂಜಲೀಸಿನ 97.9 ಎಫ್‌ಎಂ, ಕೆಎಲ್‌ಎಎಕ್ಸ್. ಆಗ ಜನ ಕರೆಯುತ್ತಿದ್ದದ್ದು ಲಾ ಎಕೀಸ್. ಅದುವರೆಗೆ ಸ್ಪ್ಯಾನಿಷ್ ಎಫ್‌ಎಂ ಅಂದರೆ ನಯವಾದ ಪ್ರೇಮಗೀತೆಗಳು. ಹಳ್ಳಿಯ ಸಂಗೀತ ಏನಿದ್ದರೂ ಗೊರಗೊರ ಎನ್ನುವ ಎಎಂ ಸ್ಟೇಷನ್‌ಗಳ ಪಾಲು. ಆ ವರ್ಷದ ಆಗಸ್ಟ್‌ನಲ್ಲಿ ಈ ಸ್ಟೇಷನ್ ಬಾಂದಾ, ರಾಂಚೇರಾಗಳನ್ನು ಎಫ್‌ಎಂ ದನಿಯಲ್ಲಿ ಹಾಕತೊಡಗಿತು. ಕೆಲವೇ ತಿಂಗಳಲ್ಲಿ, ಅದೇ ವರ್ಷದ ಕೊನೆಯ ಕೇಳುಗರ ಎಣಿಕೆಯಲ್ಲಿ, ಅದು ಇಡೀ ನಗರಕ್ಕೆ ಮೊದಲು. ಸ್ಪ್ಯಾನಿಷ್ ಸ್ಟೇಷನ್‌ಗಳ ನಡುವೆ ಮಾತ್ರ ಅಲ್ಲ, ಇಂಗ್ಲಿಷ್ ಸೇರಿ ಎಲ್ಲವುಗಳ ನಡುವೆ. ಎಣಿಕೆ ತಪ್ಪಾಗಿದೆ ಅಂದುಕೊಂಡವರೂ ಇದ್ದರು. ಎಣಿಕೆ ಸರಿಯಾಗಿತ್ತು. ತೋಟಗಳಲ್ಲಿ, ಹೋಟೆಲ್ ಅಡುಗೆಮನೆಗಳಲ್ಲಿ, ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಅಷ್ಟು ಜನ ಆ ನಗರಕ್ಕೆ ಅಲ್ಲಿಯವರೆಗೆ ಕಂಡಿರಲಿಲ್ಲ, ಅಷ್ಟೆ. ಅದೇ ಹೊತ್ತಿಗೆ ಯುವಕರಲ್ಲಿ ಕೆಬ್ರಾದೀತಾ ಅನ್ನುವ ಕುಣಿತ ಹಬ್ಬಿತು. ಅಮೆರಿಕದಲ್ಲೇ ಹುಟ್ಟಿದ ಹುಡುಗ ಹುಡುಗಿಯರು ಟೋಪಿ, ಬೂಟು ಹಾಕಿ, ಅಪ್ಪ ಅಮ್ಮನ ಹಳ್ಳಿ ಸಂಗೀತಕ್ಕೆ ಶಾಲೆಯ ಅಂಗಳದಲ್ಲಿ ಕುಣಿದರು. ಮನೆಯಲ್ಲಿ ಕೇಳಿಸಿದರೆ ನಾಚಿಕೆಪಡುತ್ತಿದ್ದ ಹಾಡು ಹೆಮ್ಮೆಯ ಹಾಡಾಯಿತು. 2011ರ ಸುಮಾರಿಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಹೈಸ್ಕೂಲುಗಳಿಂದ ಟ್ಯೂಬಾಗಳು ಕಳವಾಗತೊಡಗಿದವು. ಬಾಂದಾ ತಂಡಗಳಿಗೆ ಅಷ್ಟು ಬೇಡಿಕೆ ಬಂದದ್ದೇ ಕಾರಣ ಅಂತ ಪತ್ರಿಕೆಗಳು ಬರೆದವು.

ಆದರೆ ಒಬ್ಬರ ಏಳಿಗೆಗೆ ಇನ್ನೊಬ್ಬರು ಬೆಲೆ ತೆತ್ತರು. ಟೆಕ್ಸಸ್‌ನಲ್ಲಿ ತಲೆಮಾರುಗಳಿಂದ ಇರುವ ಮೆಕ್ಸಿಕನ್ ಮೂಲದವರಿಗೆ ತೆಹಾನೊ ಅಂತ ತಮ್ಮದೇ ಸಂಗೀತ ಇದೆ. ಪೋಲ್ಕಾ, ಕೊಲಂಬಿಯಾ ಮೂಲದ ಕೂಂಬಿಯಾ ಕುಣಿತ, ಅಮೆರಿಕದ ಪಾಪ್ ಎಲ್ಲಾ ಬೆರೆತದ್ದು. 1990ರ ದಶಕದ ಮೊದಲಲ್ಲಿ ಸೆಲೀನಾ ಅದರ ಬೆಳಕಾಗಿದ್ದರು. ಮನೆಯಲ್ಲಿ ಇಂಗ್ಲಿಷ್ ಆಡಿ ಬೆಳೆದು, ಸ್ಪ್ಯಾನಿಷ್ ಕಲಿತು ಹಾಡಿದವರು. 1995ರ ಮಾರ್ಚ್ 31ರಂದು, 23ನೇ ವಯಸ್ಸಿನಲ್ಲಿ, ಅವರ ಕೊಲೆಯಾಯಿತು. ಆಮೇಲಿನ ವರ್ಷಗಳಲ್ಲಿ ಹೊಸದಾಗಿ ಬಂದ ವಲಸಿಗರ ಸಂಖ್ಯೆ ಏರುತ್ತಾ ಹೋಯಿತು. ಅವರು ಕೇಳಿದ್ದು ನೊರ್ತೇನ್ಯೊ, ಬಾಂದಾ. ತೆಹಾನೊ ಸ್ಟೇಷನ್‌ಗಳು ಒಂದೊಂದಾಗಿ ಫಾರ್ಮ್ಯಾಟ್ ಬದಲಿಸಿದವು. ಹೊರಗಿನವರಿಗೆ ಎರಡೂ ‘ಸ್ಪ್ಯಾನಿಷ್’. ಒಳಗಿನವರಿಗೆ ಅದು ತಮ್ಮ ರೇಡಿಯೋ ಕಳೆದುಕೊಂಡ ಕಥೆ.

ಈಗ ಪೂರ್ವಕ್ಕೆ, ನ್ಯೂಯಾರ್ಕಿಗೆ. ಇಲ್ಲಿ ಟ್ಯೂಬಾ ಅಪರೂಪ. ಕಾಂಗಾ ಡ್ರಮ್ಮು, ಓಡುವ ಪಿಯಾನೊ, ಟ್ರಾಂಬೋನ್ ಕೇಳಿಸಿದರೆ ಅದು ಸಾಲ್ಸಾ. ಕ್ಯೂಬಾದ ತಾಳವನ್ನು ಪೋರ್ಟೊ ರಿಕೊ ಮೂಲದ ಹುಡುಗರು ನ್ಯೂಯಾರ್ಕಿನ ಬೀದಿಗಳಲ್ಲಿ ಬೆಳೆಸಿದ್ದು. 1964ರಲ್ಲಿ ಶುರುವಾದ ಫಾನಿಯಾ ರೆಕಾರ್ಡ್ಸ್ ಅದನ್ನು ಜಗತ್ತಿಗೆ ಮುಟ್ಟಿಸಿತು. ಪೋಲಿತೊ ವೇಗಾ ಅನ್ನುವ ಅನೌನ್ಸರ್ ಅಲ್ಲಿನ ಜನರ ಕಿವಿಯಲ್ಲಿ ಐವತ್ತು ವರ್ಷಕ್ಕೂ ಜಾಸ್ತಿ ಕಾಲ ಇದ್ದರು, 2023ರಲ್ಲಿ ತೀರಿಕೊಂಡರು.

ಸಣ್ಣ ದನಿಯ ಗಿಟಾರ್ ಒಂದು ಅಳುವಂತೆ ಸ್ವರ ಬಿಡಿಸುತ್ತಿದ್ದು, ಹಿಂದೆ ತುರಿಮಣೆಯಂಥ ಲೋಹದ ಕೊಳವೆಯನ್ನು ಕಡ್ಡಿಯಿಂದ ಕೆರೆಯುವ ಸದ್ದು ಇದ್ದರೆ ಅದು ಡೊಮಿನಿಕನ್ನರ ಬಚಾತಾ. ಇದರ ಕಥೆ ನನಗೆ ತುಂಬಾ ಹಿಡಿಸಿದ್ದು. ಸರ್ವಾಧಿಕಾರಿ ತ್ರುಹೀಯೊ 1961ರಲ್ಲಿ ಕೊಲೆಯಾದ ಮೇಲೆ, 1962ರಲ್ಲಿ ಹೊಸೆ ಮನ್ವೆಲ್ ಕಾಲ್ದೆರೋನ್ ಮೊದಲ ಬಚಾತಾ ರೆಕಾರ್ಡಿಂಗ್ ಮಾಡಿದರು. ಹಳ್ಳಿ ಬಿಟ್ಟು ರಾಜಧಾನಿಯ ಕೊಳೆಗೇರಿ ಸೇರಿದವರ ಹಾಡು. ಜನ ಅದನ್ನು ಕಹಿಯ ಸಂಗೀತ ಅನ್ನುತ್ತಿದ್ದರು. ಮೇಲುವರ್ಗದವರಿಗೆ ಅದು ಕೀಳು. ದೊಡ್ಡ ಸ್ಟೇಷನ್‌ಗಳು ಮುಟ್ಟುತ್ತಿರಲಿಲ್ಲ. ಹಾಕುತ್ತಿದ್ದದ್ದು ಮುಖ್ಯವಾಗಿ ರೇಡಿಯೋ ಗ್ವಾರಚೀತಾ ಒಂದೇ. ಅದು ಹಾಡಿನ ಜೊತೆ ಸಂದೇಶಗಳನ್ನೂ ಓದುತ್ತಿತ್ತು, ಪಟ್ಟಣಕ್ಕೆ ಬಂದವರು ಹಳ್ಳಿಯ ಮನೆಯವರಿಗೆ ಹೇಳಬೇಕಾದ ಮಾತುಗಳನ್ನು. ಫೋನಿಲ್ಲದ ಮನೆಗೆ ರೇಡಿಯೋನೇ ಅಂಚೆಯಣ್ಣ. ಮುಂದೆ ಹ್ವಾನ್ ಲೂಯಿಸ್ ಗೆರ್ರಾ 1990ರಲ್ಲಿ ಬಚಾತಾ ಹೆಸರನ್ನೇ ಹೊತ್ತ ಆಲ್ಬಮ್ ತಂದು ಅದನ್ನು ದೊಡ್ಡ ಸಭಾಂಗಣಗಳಿಗೆ ಕೊಂಡೊಯ್ದರು. 2000ದ ದಶಕದಲ್ಲಿ ಬ್ರಾಂಕ್ಸ್‌ನ ಹುಡುಗರ ಅವೆಂತೂರಾ ತಂಡ ಅದಕ್ಕೆ ನ್ಯೂಯಾರ್ಕಿನ ದನಿ ಸೇರಿಸಿತು. ಕಹಿಯ ಸಂಗೀತ ಈಗ ಮೆಗಾ 97.9ರಲ್ಲಿ ಹಗಲು ಹೊತ್ತಿನಲ್ಲೇ ಬರುತ್ತದೆ.

ರೆಗೆಟಾನ್ ಗುರುತಿಸುವುದು ಎಲ್ಲಕ್ಕಿಂತ ಸುಲಭ. ಒಂದರಿಂದ ಎಂಟರವರೆಗೆ ಒಂದೇ ಸಮ ಎಣಿಸಿ. ಒಂದಕ್ಕೆ, ಐದಕ್ಕೆ ಕಾಲು ತಟ್ಟಿ. ನಾಲ್ಕಕ್ಕೆ, ಏಳಕ್ಕೆ ಚಪ್ಪಾಳೆ ಹೊಡೆಯಿರಿ. ಬಂತಲ್ಲ? ಮೂರು, ಮೂರು, ಎರಡು. ಜಮೈಕಾದಲ್ಲಿ ಹುಟ್ಟಿ, ಪನಾಮಾ ಮತ್ತು ನ್ಯೂಯಾರ್ಕ್ ಹಾದು, ಪೋರ್ಟೊ ರಿಕೊದಲ್ಲಿ ಬೇರು ಬಿಟ್ಟ ತಾಳ ಇದು, ದೆಂಬೊ ಅಂತ ಹೆಸರು. 1990ರ ದಶಕದಲ್ಲಿ ಪೋರ್ಟೊ ರಿಕೊದ ಪೊಲೀಸರು ಅಂಗಡಿಗಳಿಗೆ ನುಗ್ಗಿ ಈ ಕ್ಯಾಸೆಟ್ಟುಗಳನ್ನು ಜಪ್ತಿ ಮಾಡಿದ್ದರು. ಹತ್ತೇ ವರ್ಷದಲ್ಲಿ ಗಾಳಿ ತಿರುಗಿತು. 2004ರಲ್ಲಿ ಡ್ಯಾಡಿ ಯಾಂಕಿಯ ಹಾಡುಗಳು ಎಲ್ಲೆಡೆ ಹಬ್ಬಿದವು. ಅದೇ ವರ್ಷ ನವೆಂಬರ್‌ನಲ್ಲಿ ಹ್ಯೂಸ್ಟನ್ನಿನ ಕೆಎಲ್‌ಒಎಲ್, ದಶಕಗಳ ಕಾಲ ಇಂಗ್ಲಿಷ್ ರಾಕ್ ಹಾಕಿದ ಸ್ಟೇಷನ್, ಒಂದೇ ದಿನದಲ್ಲಿ ರೆಗೆಟಾನ್ ಮತ್ತು ಸ್ಪ್ಯಾನಿಷ್ ಹಿಪ್‌ಹಾಪ್‌ಗೆ ಬದಲಾಯಿತು. ಇಂಗ್ಲಿಷ್ ಆಡುತ್ತಲೇ ಸ್ಪ್ಯಾನಿಷ್ ಹಾಡು ಕೇಳುವ ಹೊಸ ತಲೆಮಾರು ಸಿಕ್ಕಿದೆ ಅಂತ ಕಂಪನಿಗಳಿಗೆ ಅರ್ಥವಾಗಿತ್ತು.

ಇಷ್ಟು ಕೇಳುಗರಿದ್ದರೂ ದುಡ್ಡು ಅದೇ ಲೆಕ್ಕದಲ್ಲಿ ಬರಲಿಲ್ಲ. ಅಮೆರಿಕದ ಸಂಪರ್ಕ ಆಯೋಗ ಮಾಡಿಸಿದ 1999ರ ಒಂದು ಅಧ್ಯಯನ ಇದನ್ನೇ ಹೇಳಿತು. ಸ್ಪ್ಯಾನಿಷ್ ಮತ್ತು ಕಪ್ಪು ಜನರ ಸ್ಟೇಷನ್‌ಗಳಿಗೆ ಕೇಳುಗರ ಪ್ರಮಾಣಕ್ಕೆ ತಕ್ಕ ಜಾಹೀರಾತು ಸಿಗುತ್ತಿರಲಿಲ್ಲ, ಕೆಲವು ಕಂಪನಿಗಳು ಆ ಸ್ಟೇಷನ್‌ಗಳು ಬೇಡವೇ ಬೇಡ ಅನ್ನುತ್ತಿದ್ದವು. ಕೊಳ್ಳುವವರ ದುಡ್ಡು ಬೇಕು, ಅವರ ಕಿವಿ ಬೇಡ. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು.

ಈ ರೇಡಿಯೋಗಳ ಶಕ್ತಿ ಎಲ್ಲರಿಗೂ ಕಂಡದ್ದು 2006ರಲ್ಲಿ. ಕಾಗದಪತ್ರ ಇಲ್ಲದೆ ದೇಶದಲ್ಲಿರುವುದನ್ನೇ ದೊಡ್ಡ ಅಪರಾಧ ಮಾಡುವ ಮಸೂದೆಯೊಂದು 2005ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ ಪಾಸಾಗಿತ್ತು. ಲಾಸ್ ಏಂಜಲೀಸಿನಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುತ್ತಿದ್ದ ಎದವಾರ್ದೊ ಸೊತೇಲೊ, ಅಡ್ಡಹೆಸರು ಪಿಯೊಲಿನ್, ಮತ್ತು ರೆನಾನ್ ಅಲ್ಮೆಂದಾರೆಸ್ ಕೊಎಯ್ಯೊ, ಅಡ್ಡಹೆಸರು ಎಲ್ ಕುಕುಯ್, ಪರಸ್ಪರ ಪೈಪೋಟಿಯಲ್ಲಿದ್ದವರು. ಕುಕುಯ್ ಅಂದರೆ ನಮ್ಮ ಗುಮ್ಮ, ಮಕ್ಕಳನ್ನು ಹೆದರಿಸುತ್ತೇವಲ್ಲ ಅದೇ. ಈ ಪೈಪೋಟಿಯವರು, ಬೇರೆ ಸ್ಟೇಷನ್‌ಗಳವರೂ ಸೇರಿ, ಒಟ್ಟಾಗಿ ಮೆರವಣಿಗೆಗೆ ಕರೆ ಕೊಟ್ಟರು. ಬಿಳಿ ಬಟ್ಟೆ ಹಾಕಿ ಬನ್ನಿ. ಅಮೆರಿಕದ ಬಾವುಟ ತನ್ನಿ. ಜಗಳ ಬೇಡ. ಹೋಗುವಾಗ ಕಸ ಎತ್ತಿಕೊಂಡು ಹೋಗಿ. ಮಾರ್ಚ್ 25ರಂದು ಸುಮಾರು ಐದು ಲಕ್ಷ ಜನ ಬೀದಿಗಿಳಿದರು. ಇಂಗ್ಲಿಷ್ ಮಾಧ್ಯಮಗಳಿಗೆ ಇಷ್ಟು ಜನ ಎಲ್ಲಿಂದ ಬಂದರು ಅಂತಲೇ ಗೊತ್ತಾಗಲಿಲ್ಲ, ಯಾಕೆಂದರೆ ಕರೆ ಹೋಗಿದ್ದು ಅವರು ಎಂದೂ ಕೇಳದ ಸ್ಟೇಷನ್‌ಗಳಲ್ಲಿ, ಅವರು ಮಲಗಿರುವ ಹೊತ್ತಿನಲ್ಲಿ. ಆ ಮಸೂದೆ ಕಾನೂನಾಗಲಿಲ್ಲ.

ಫೋನಿನಲ್ಲೇ ಹಾಡು ಸಿಗುವ ಈ ಕಾಲದಲ್ಲಿ ರೇಡಿಯೋ ಹಿಂದೆ ಬಿದ್ದಿರುವುದು ನಿಜ. 2019ರ ಹೊತ್ತಿಗೆ ನತನಾಯೆಲ್ ಕಾನೊ ಥರದ ಹುಡುಗರು ಕೊರ್ರೀದೊಗೆ ಹಿಪ್‌ಹಾಪ್ ಧಾಟಿ ಬೆರೆಸಿ ‘ಕೊರ್ರೀದೊಸ್ ತುಂಬಾದೊಸ್’ ಮಾಡಿದಾಗ ಅದು ಮೊದಲು ಹಬ್ಬಿದ್ದು ಯೂಟ್ಯೂಬಿನಲ್ಲಿ, ಸ್ಪಾಟಿಫೈನಲ್ಲಿ. 2023ರಲ್ಲಿ ಪೆಸೊ ಪ್ಲುಮಾ ಮತ್ತು ಎಸ್ಲಬೋನ್ ಅರ್ಮಾದೊ ಸೇರಿ ಹಾಡಿದ ಹಾಡೊಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ‘ರೀಜನಲ್’ ಅಂತ ಹಣೆಪಟ್ಟಿ ಹಚ್ಚಿದ್ದ ಸಂಗೀತಕ್ಕೆ ಅದು ಮೊದಲ ಸಲ. ರೇಡಿಯೋ ಆಮೇಲೆ ಓಡಿ ಬಂದು ಕೈಹಿಡಿಯಿತು. ಆದರೆ ನಮ್ಮ ದೋಸೆ ಹುಯ್ಯುವವರ ಜೇಬಿನಲ್ಲೂ ಫೋನ್ ಇದೆ, ಆದರೂ ಕಪಾಟಿನಲ್ಲಿ ರೇಡಿಯೋನೇ ಹಾಡುತ್ತದೆ. ಯಾಕೆ ಅಂತ ಕೇಳಿದ್ದಕ್ಕೆ, ಫೋನ್ ನನ್ನ ಜೊತೆ ಮಾತಾಡುವುದಿಲ್ಲವಲ್ಲ ಅಂದರು.

ಕೊನೆಗೆ ಒಂದು ಸ್ಟೇಷನ್ ಬಗ್ಗೆ ಹೇಳಲೇಬೇಕು. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸುತ್ತಮುತ್ತ ದ್ರಾಕ್ಷಿ, ಬಾದಾಮಿ ತೋಟಗಳ ನಡುವೆ ರೇಡಿಯೋ ಬಿಲಿಂಗ್ವೆ ಇದೆ. 1980ರ ಜುಲೈ 4ರಂದು ಪ್ರಸಾರ ಶುರು ಮಾಡಿತು. ಕಟ್ಟಿದವರಲ್ಲಿ ಮುಂದಾಳು ಹ್ಯೂಗೊ ಮೊರ‍್ಯಾಲೆಸ್. ಮೆಕ್ಸಿಕೋದ ಓಹಾಕಾ ರಾಜ್ಯದ ಮಿಸ್ತೆಕ್ ಆದಿವಾಸಿ ಮನೆಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ತೋಟಗಳಲ್ಲಿ ಹಣ್ಣು ಕೊಯ್ದು, ಹಾರ್ವರ್ಡಿನಲ್ಲಿ ಕಾನೂನು ಓದಿ ವಾಪಸ್ ಬಂದವರು. ತೋಟದ ಕೂಲಿಗಳಲ್ಲಿ ಎಷ್ಟೋ ಮಂದಿಗೆ ಸ್ಪ್ಯಾನಿಷ್ ತಾಯಿಭಾಷೆಯೇ ಅಲ್ಲ, ಮಿಸ್ತೆಕ್ ಅಥವಾ ಬೇರೆ ಆದಿವಾಸಿ ಭಾಷೆ. ಮಿಸ್ತೆಕ್‌ನಲ್ಲಿ ಅದೇ ಪದವನ್ನು ದನಿ ಏರಿಸಿ ಹೇಳಿದರೆ ಒಂದು ಅರ್ಥ, ಇಳಿಸಿ ಹೇಳಿದರೆ ಇನ್ನೊಂದು. ಅವರಿಗಾಗಿ ಈ ಸ್ಟೇಷನ್ ಭಾನುವಾರ ‘ಲಾ ಓರಾ ಮಿಸ್ತೇಕಾ’ ಕಾರ್ಯಕ್ರಮ ನಡೆಸುತ್ತಾ ಬಂದಿದೆ. ಅದರ ಪ್ರಸಾರ ಓಹಾಕಾದ ಬೆಟ್ಟದೂರುಗಳಿಗೂ ಮುಟ್ಟಿದೆ. ನಮ್ಮ ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದಂತೆಯೇ ಹೆಸರು, ಊರು, ಯಾರಿಗೆ ಅಂತ ಹೇಳಿ ಹಾಡು ಕೇಳುತ್ತಾರೆ. ಕೇಳುವುದು ಜಾಸ್ತಿ ಚಿಲೇನಾ, ಎಂದೋ ಚಿಲಿ ದೇಶದ ನಾವಿಕರ ಜೊತೆ ಕರಾವಳಿಗೆ ಬಂದು ಬೆಟ್ಟ ಹತ್ತಿದ ಕುಣಿತದ ಹಾಡು. ಫ್ರೆಸ್ನೊದಲ್ಲಿ ಮಗ ಅಮ್ಮನಿಗೆ ಅಂತ ಕೇಳಿದ ಹಾಡನ್ನು ಅಮ್ಮ ಬೆಟ್ಟದ ಮೇಲಿನ ಮನೆಯಲ್ಲಿ ಅದೇ ಹೊತ್ತಿಗೆ ಕೇಳಿಸಿಕೊಳ್ಳುತ್ತಾಳೆ.